ಕೊಲ್ಲದೆ ಕೆಡವೋ ನಿಯಮ: ನನ್ನ ಕರಡಿನಲ್ಲಿ ತೂತು ಹುಡುಕಿ

ನಕಾಶೆಗಾರ

ನಗರ ಕಾವಲುಪಡೆಯ ಕ್ಯಾಂಪೇನ್‌ಗೆ (ಹಲವು ಸೆಷನ್ ನಡೆಯೋ ಕಥೆ) ಹೌಸ್ ರೂಲ್, ಅಂದರೆ ನಮ್ಮ ಮೇಜಿಗಷ್ಟೇ ಅನ್ವಯಿಸೋ ನಿಯಮ, ಬರೀತಿದ್ದೀನಿ. ಆಟ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಪಾತ್ರವಾಗಿ ಆಡೋ ಮೇಜಿನಾಟ) 5ನೇ ಆವೃತ್ತಿ, 2014ರ ನಿಯಮ. ಆಟಗಾರರ ಪಾತ್ರಗಳೆಲ್ಲ ಕಾವಲುಗಾರರು, ಆರೋಪಿಯನ್ನ ಜೀವಂತ ತಂದರೆ ಮಾತ್ರ ಕೂಲಿ.

ಪುಸ್ತಕದಲ್ಲಿರೋ ನಿಯಮ ಚಿಕ್ಕದು. ಮೆಲೀ (ಕೈಗೆ ಸಿಗೋ ದೂರದ) ದಾಳಿಯಿಂದ ಎದುರಾಳಿ 0 ಹಿಟ್ ಪಾಯಿಂಟ್‌ಗೆ (ತಾಳಿಕೊಳ್ಳೋ ಶಕ್ತಿಯ ಅಂಕ) ಇಳಿದರೆ, ಡ್ಯಾಮೇಜ್ ಬಿದ್ದ ಆ ಕ್ಷಣದಲ್ಲಿ "ಪ್ರಜ್ಞೆ ತಪ್ಪಿಸಿದೆ" ಅಂದರೆ ಸಾಕು. ಅವನು ಸ್ಟೇಬಲ್ ಆಗಿ (ಸಾಯೋ ಅಪಾಯ ಇಲ್ಲದೆ) ಬೀಳ್ತಾನೆ, 1ಡಿ4 (ನಾಲ್ಕು ಮುಖದ ಒಂದು ದಾಳ) ಗಂಟೆ ಕಳೆದ ಮೇಲೆ 1 ಹಿಟ್ ಪಾಯಿಂಟ್ ಜೊತೆ ಏಳ್ತಾನೆ. ಪೆನಾಲ್ಟಿ ಇಲ್ಲ, ಮೊದಲೇ ಹೇಳಬೇಕಂತಿಲ್ಲ. ದೊಡ್ಡ ಕೊಡಲಿಯಲ್ಲಿ ಕ್ರಿಟ್ (20 ಬಿದ್ದಾಗಿನ ಭಾರೀ ಏಟು) ಹೊಡೆದು 30 ಡ್ಯಾಮೇಜ್ ಹಾಕಿದ ಮೇಲೂ "ನಿದ್ದೆ ಮಾಡಿಸಿದೆ" ಅನ್ನಬಹುದು. ಬಿಲ್ಲು ಹಿಡಿದವನಿಗೆ ಮಾತ್ರ ಏನೂ ಇಲ್ಲ.

ನನ್ನ ಕರಡು:

1. ದಾಳ ಉರುಳಿಸೋ ಮುಂಚೆ "ಕೊಲ್ಲದ ಏಟು" ಅಂತ ಘೋಷಿಸಬೇಕು, ಹಿಟ್ ರೋಲ್‌ಗೆ (ಏಟು ತಾಗುತ್ತಾ ಅಂತ ನೋಡೋ 20 ಮುಖದ ದಾಳ) −4.
2. ಕೊಲ್ಲದ ಡ್ಯಾಮೇಜ್ ಬೇರೆ ಕಾಲಂನಲ್ಲಿ ಕೂಡಿಸೋದು.
3. ಬಿಲ್ಲಿಗೆ ಮೊಂಡು ಬಾಣ, ಅದಕ್ಕೆ ಅರ್ಧ ಡ್ಯಾಮೇಜ್.
4. ಆ ಕಾಲಂ ಉಳಿದ ಹಿಟ್ ಪಾಯಿಂಟ್‌ಗೆ ಸಮನಾದಾಗ ಬೀಳ್ತಾನೆ, 1ಡಿ4 ಗಂಟೆ.

ಎಲ್ಲಿ ಸೋರುತ್ತೆ ಹೇಳಿ.

ಇಪ್ಪತ್ತರದಾಳ

ಲೆಕ್ಕ ಹಾಕಿ ನೋಡೋಣ. ಮೊದಲ ಹಂತದ ಬಿಲ್ಲುಗಾರ, ಹಿಟ್‌ಗೆ +5, ಲಾಂಗ್‌ಬೋ 1ಡಿ8+3, ಅಂದರೆ ಸರಾಸರಿ 7.5. ಎದುರಿಗೆ ಮಾಮೂಲಿ ಬ್ಯಾಂಡಿಟ್, ಎಸಿ (ಏಟು ತಾಗೋಕೆ ಮುಟ್ಟಬೇಕಾದ ಸಂಖ್ಯೆ) 12, 11 ಹಿಟ್ ಪಾಯಿಂಟ್.

ಕೊಲ್ಲೋ ಬಾಣ: 7 ಅಥವಾ ಮೇಲೆ ಬಿದ್ದರೆ ತಾಗುತ್ತೆ, 70%. ಒಂದು ಬಾಣಕ್ಕೆ ಸರಾಸರಿ 5.25. ಎರಡು ಮೂರು ಬಾಣಕ್ಕೆ ಅವನ ಕಥೆ ಮುಗಿಯಿತು.

ನಿಮ್ಮ ಮೊಂಡು ಬಾಣ: −4 ಆದ್ದರಿಂದ 50%, ಡ್ಯಾಮೇಜ್ ಅರ್ಧ, ಸರಾಸರಿ 1.9. ಆರು ಬಾಣ ಬೇಕು. ಆರು ರೌಂಡ್‌ನಲ್ಲಿ ಆ ಬ್ಯಾಂಡಿಟ್ ಹತ್ತಿರ ಬಂದು ನಿಮ್ಮ ಬಿಲ್ಲುಗಾರನನ್ನೇ ಕೆಡವಿರ್ತಾನೆ. ಹೀಗಾದರೆ ಎರಡನೇ ಸೆಷನ್‌ಗೇ ಆಟಗಾರರು "ಕೂಲಿ ಬೇಡ, ಕೊಂದುಬಿಡೋಣ" ಅಂತಾರೆ.

−4 ಅನ್ನೋದು ಡಿ ಅಂಡ್ ಡಿಯ ಹಳೇ 3.5 ಆವೃತ್ತಿಯಿಂದ ಬಂದದ್ದು, ಅಲ್ಲಿ ಅದು ನಡೀತಿತ್ತು. ಹಂತ ಏರಿದ ಹಾಗೆ ಬೇಸ್ ಅಟ್ಯಾಕ್ ಬೋನಸ್ ಏರ್ತಾ ಹೋಗುತ್ತೆ, ಸುತ್ತುವರಿದರೆ +2, ನುಗ್ಗಿ ಹೊಡೆದರೆ +2. ಹತ್ತನೇ ಹಂತದ ಯೋಧನಿಗೆ −4 ಒಂದು ಸೊಳ್ಳೆ ಕಡಿತ. 5ನೇ ಆವೃತ್ತಿಯಲ್ಲಿ ಸಂಖ್ಯೆಗಳನ್ನ ಬೇಕಂತಲೇ ಕಟ್ಟಿಹಾಕಿದ್ದಾರೆ. ಇಲ್ಲಿ −4 ಅಂದರೆ ಕೊನೇ ತನಕ −4.

ಹಳೇಪುಸ್ತಕ

3.5ರ ವಿಷಯ ಬಂತಲ್ಲ, ಎರಡನೇ ಕಾಲಂ ಅಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಪೂರ್ತಿ ನೋಡುವುದು ಒಳ್ಳೆಯದು. ಕರಡಿನ 4ನೇ ಅಂಶ ಅದರ ಅರ್ಧವನ್ನಷ್ಟೇ ಎತ್ತಿಕೊಂಡಿದೆ.

ಕೊಲ್ಲದ ಡ್ಯಾಮೇಜ್ ಹಿಟ್ ಪಾಯಿಂಟಿನಿಂದ ಕಳೆಯುವುದಿಲ್ಲ, ಪಕ್ಕದಲ್ಲಿ ಕೂಡುತ್ತಾ ಹೋಗುತ್ತದೆ. ಅದು ಸದ್ಯದ ಹಿಟ್ ಪಾಯಿಂಟಿಗೆ ಸಮನಾದರೆ ಮನುಷ್ಯ ತತ್ತರಿಸುತ್ತಾನೆ, ಅಂದರೆ ಒಂದು ಟರ್ನಿನಲ್ಲಿ ನಡೆಯಬಹುದು ಇಲ್ಲವೇ ಹೊಡೆಯಬಹುದು, ಎರಡೂ ಆಗದು. ಸದ್ಯದ ಹಿಟ್ ಪಾಯಿಂಟನ್ನು ದಾಟಿದರೆ ಪ್ರಜ್ಞೆ ಹೋಗುತ್ತದೆ. 11 ಹಿಟ್ ಪಾಯಿಂಟಿನವನಿಗೆ ಕತ್ತಿಯಿಂದ 6 ಬಿತ್ತು, ಉಳಿದದ್ದು 5. ಕಳ್ಳ ಸ್ಯಾಪ್‌ನಿಂದ (ತಲೆಗೆ ಕುಟ್ಟುವ ಚಿಕ್ಕ ಮೊಂಡು ಆಯುಧ) 4 ಹೊಡೆದ, ಇನ್ನೂ ನಿಂತಿದ್ದಾನೆ. ಮತ್ತೆ 2 ಹೊಡೆದ, ಒಟ್ಟು 6 ಆಗಿ 5ನ್ನು ದಾಟಿತು, ಬಿದ್ದ. ಸೊಗಸು ಎಲ್ಲಿದೆಯೆಂದರೆ, ಕತ್ತಿಯವನ ಏಟೂ ಕಳ್ಳನ ಏಟೂ ಒಂದೇ ಕಡೆಗೆ ಎಳೆಯುತ್ತವೆ. ಯಾರ ಶ್ರಮವೂ ವ್ಯರ್ಥವಾಗುವುದಿಲ್ಲ.

ಸೋರುವುದು ಆಮೇಲೆ. ಕೊಲ್ಲದ ಡ್ಯಾಮೇಜ್ ಗಂಟೆಗೆ ಹಂತಕ್ಕೆ 1ರಂತೆ ವಾಸಿಯಾಗುತ್ತದೆ. ಮೇಲಿನ ಬ್ಯಾಂಡಿಟ್ ಮೊದಲ ಹಂತದವನಾದರೆ ಒಂದೇ ಗಂಟೆಯಲ್ಲಿ 6 ಹೋಗಿ 5, ಎದ್ದು ಕೂರುತ್ತಾನೆ. ಹತ್ತನೇ ಹಂತದ ನಾಯಕನಿಗೆ ಗಂಟೆಗೆ 10 ವಾಸಿ. ಇನ್ನೊಂದು, ಮಾಂತ್ರಿಕ ಚಿಕಿತ್ಸೆ ಎಷ್ಟು ಗಾಯ ಮಾಯಿಸುತ್ತದೋ ಅಷ್ಟೇ ಕೊಲ್ಲದ ಡ್ಯಾಮೇಜನ್ನೂ ಅದೇ ಏಟಿಗೆ ಅಳಿಸುತ್ತದೆ. ಸೆರೆಯಾಳು ರಕ್ತ ಸುರಿಸುತ್ತಿದ್ದಾನೆಂದು ಕ್ಲೆರಿಕ್ (ಗಾಯ ಮಾಯಿಸುವ ಮಂತ್ರ ಬಲ್ಲ ಪುರೋಹಿತ) ಕೈ ಇಟ್ಟರೆ, ಮಾಯುವುದಕ್ಕಿಂತ ಮೊದಲು ಎಚ್ಚರವಾಗುತ್ತಾನೆ.

2009ರ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಮೊದಲ ಆವೃತ್ತಿ ಇದಕ್ಕೆ ಒಂದು ಸಾಲು ಸೇರಿಸಿತು: ಕೊಲ್ಲದ ಡ್ಯಾಮೇಜ್ ಗರಿಷ್ಠ ಹಿಟ್ ಪಾಯಿಂಟಿಗೆ ಸಮನಾದ ಮೇಲೆ ಬೀಳುವುದೆಲ್ಲ ಕೊಲ್ಲುವ ಡ್ಯಾಮೇಜ್. ಬಿದ್ದವನನ್ನು ಗುದ್ದುತ್ತಲೇ ಇದ್ದರೆ ಸಾಯುತ್ತಾನೆ. 3.5ರಲ್ಲಿ ಆ ಸಾಲು ಇರಲಿಲ್ಲ. ನಿಯಮವನ್ನು ಅಕ್ಷರಶಃ ಓದಿದರೆ ಬರಿಗೈಯಿಂದ ದಿನವಿಡೀ ಗುದ್ದಿದರೂ ಯಾರೂ ಸಾಯುತ್ತಿರಲಿಲ್ಲ.

ಬಲೆಬೀಸು

ಕಾಲಂ ಎರಡಾದರೆ ಡಿಎಂ (ಆಟ ನಡೆಸುವವ) ಗತಿ ಏನು ಮಾರಾಯ್ರೆ? ಎಂಟು ಗಾಬ್ಲಿನ್ ಇದ್ರೆ ಹದಿನಾರು ಸಂಖ್ಯೆ. ಪ್ರತಿ ಏಟಿಗೂ ಎರಡನ್ನೂ ಹೋಲಿಸಿ ನೋಡ್ಬೇಕು. ಮೂರನೇ ರೌಂಡಿಗೆ ಯಾರ ಸ್ಯಾಪ್ ಏಟು ಯಾರ ಲೆಕ್ಕಕ್ಕೆ ಹೋಯ್ತು ಅಂತ ದೇವರಿಗೂ ಗೊತ್ತಿರುದಿಲ್ಲ.

ಕ್ರೋಮ್‌ಕೈ

3.5ರ ಕಾಲಂಗಳು ಕೊನೆಗೆ ಒಂದೇ ಕಡೆ ಸೇರುತ್ತವೆ, ಅದಕ್ಕೇ ಬಚಾವ್. ಸೇರದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಶ್ಯಾಡೋರನ್ ಅನ್ನೋ ಇನ್ನೊಂದು ಆಟ ನೋಡಿ.

ಅಲ್ಲಿ ಪ್ರತಿಯೊಬ್ಬರಿಗೂ ಎರಡು ಪಟ್ಟಿ. ಫಿಸಿಕಲ್ ಪಟ್ಟಿಯಲ್ಲಿ 8ಕ್ಕೆ ಬಾಡಿ (ದೇಹಬಲ) ಗುಣದ ಅರ್ಧ ಸೇರಿಸಿದಷ್ಟು ಬಾಕ್ಸ್, ಸ್ಟನ್ (ಮಂಕು ಬಡಿಸೋ ಏಟಿನ) ಪಟ್ಟಿಯಲ್ಲಿ 8ಕ್ಕೆ ವಿಲ್‌ಪವರ್‌ನ ಅರ್ಧ, ಎರಡಕ್ಕೂ ಮೇಲಕ್ಕೆ ದುಂಡು ಮಾಡಬೇಕು. ಎರಡೂ ಗುಣ 3 ಇದ್ದವನಿಗೆ 10 ಮತ್ತು 10. ಗುಂಪಿನ ಒಬ್ಬ ಬುಲೆಟ್‌ನಿಂದ 8 ಬಾಕ್ಸ್ ತುಂಬಿದ, ಇನ್ನೊಬ್ಬ ಕರೆಂಟ್ ಕೋಲಿನಿಂದ 8 ತುಂಬಿದ. ಹದಿನಾರು ಬಾಕ್ಸ್ ತುಂಬಿದರೂ ಮನುಷ್ಯ ನಿಂತೇ ಇರ್ತಾನೆ. ಪ್ರತಿ ಮೂರು ಬಾಕ್ಸಿಗೆ ಅವನು ಉರುಳಿಸೋ ಒಂದು ಡೈ (ದಾಳ) ಕಡಿಮೆ, ಹೀಗೆ ಎರಡೂ ಕಡೆ ಸೇರಿ ನಾಲ್ಕು ಡೈಸ್ ಕಮ್ಮಿ ಅಷ್ಟೇ. ಅದಕ್ಕೆ ಅನುಭವಸ್ಥ ಗುಂಪುಗಳು ಮಿಷನ್‌ಗೆ ಮುಂಚೆ ಒಂದೇ ಬಗೆ ಡ್ಯಾಮೇಜ್ ಅಂತ ಮಾತಾಡಿಕೊಂಡೇ ಹೊರಡೋದು.

ಇನ್ನೊಂದು ತೂತು. ಟ್ರೋಲ್ ಬಾಡಿ 8, ವಿಲ್‌ಪವರ್ 2 ಅಂದುಕೊಳ್ಳಿ. ಫಿಸಿಕಲ್ 12, ಸ್ಟನ್ 9. ಬೆಟ್ಟದಂಥ ದೇಹವನ್ನ ಕೆಡವೋಕೆ ಸ್ಟನ್ನೇ ಹತ್ತಿರದ ದಾರಿ ಆಗಿಬಿಡುತ್ತೆ. ನಾಲ್ಕನೇ ಆವೃತ್ತಿಯಲ್ಲಿ ಸ್ಟಿಕ್-ಅಂಡ್-ಶಾಕ್ ಗುಂಡು ಈ ಕಾರಣಕ್ಕೇ ಕುಖ್ಯಾತ. ಚಿಕ್ಕ ಪಿಸ್ತೂಲಿನ ಮೂಲ ಡ್ಯಾಮೇಜ್ 4. ಈ ಗುಂಡು ತುಂಬಿದರೆ ಪಿಸ್ತೂಲಿನ ಡ್ಯಾಮೇಜ್ ಲೆಕ್ಕಕ್ಕೇ ಇಲ್ಲ, ಗುಂಡಿನದೇ 6 ಸ್ಟನ್, ಜೊತೆಗೆ ಕವಚ ಅರ್ಧ. ಕೊಲ್ಲದ ಗುಂಡೇ ಕೊಲ್ಲೋ ಗುಂಡಿಗಿಂತ ಬಲ! ಆಮೇಲೆ ಕೊಲ್ಲೋ ಗುಂಡು ಯಾರು ಕೊಳ್ತಾರೆ?

ನಕಾಶೆಗಾರ, ನಿಮ್ಮ ಕರಡು ಆ ಕಡೆ ತೀರಾ ತುಟ್ಟಿ, ಇದು ಈ ಕಡೆ ತೀರಾ ಅಗ್ಗ. ದಯೆ ತೋರಿಸೋದು ಉಪಾಯವಾಗಿ ಗೆಲ್ಲೋ ದಾರಿ ಆದರೆ ಅದನ್ನ ಯಾರೂ ದಯೆ ಅಂತ ಆರಿಸಿಕೊಳ್ಳಲ್ಲ.

ಬಲೆಬೀಸು

ಬಲೆ ಬಗ್ಗೆ ಯಾರೂ ಹೇಳ್ಲಿಲ್ಲ, ಹೆಸರಿಗಾದ್ರೂ ನಾನೇ ಹೇಳ್ಬೇಕು.

2014ರ ಬಲೆ ಪುಸ್ತಕದಲ್ಲೇ ಹರಿದುಹೋಗಿದೆ. ರೇಂಜ್ 5/15 ಅಡಿ (ಹತ್ತಿರದ್ದು 5, ದೂರದ್ದು 15). ಐದಡಿ ಒಳಗೆ ನಿಂತು ಎಸೆದ್ರೆ, ಶತ್ರು ಪಕ್ಕದಲ್ಲಿದ್ದಾಗ ರೇಂಜ್ ದಾಳಿ ಅಂತ ಡಿಸ್‌ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಚಿಕ್ಕದನ್ನು ತಗೊಳ್ಳುದು). ಐದಡಿ ದಾಟಿ ಎಸೆದ್ರೆ ದೂರದ ರೇಂಜ್ ಅಂತ ಡಿಸ್‌ಅಡ್ವಾಂಟೇಜ್. ಯಾವ ಕಡೆ ನಿಂತ್ರೂ ತಪ್ಪಿದ್ದಲ್ಲ. ಅದೂ ಅಲ್ದೆ ನಿಮಗೆ ಎಷ್ಟು ದಾಳಿ ಇದ್ರೂ ಬಲೆ ಎಸೆದ ಆ್ಯಕ್ಷನ್‌ನಲ್ಲಿ ಒಂದೇ.

ತಾಗಿದ ಮೇಲೆ? ಸಿಕ್ಕವ ಒಂದು ಆ್ಯಕ್ಷನ್ ಖರ್ಚು ಮಾಡಿ ಸ್ಟ್ರೆಂತ್ (ಬಲ) ಡಿಸಿ (ಗೆಲ್ಲಲಿಕ್ಕೆ ಬೇಕಾದ ಸಂಖ್ಯೆ) 10 ಉರುಳಿಸಿದ್ರೆ ಬಿಡುಗಡೆ. ಓಗರ್‌ಗೆ (ದೈತ್ಯ) +4, ಅಂದ್ರೆ 75% ಮೊದಲ ಸಲವೇ ಹೊರಗೆ. ಸಾಮಾನ್ಯ ಮನುಷ್ಯನಿಗೂ 55%. ಬಲೆಗೆ 5 ಸ್ಲ್ಯಾಶಿಂಗ್ (ಕೊಯ್ಯುವ) ಡ್ಯಾಮೇಜ್ ಹಾಕಿದ್ರೂ ಹರಿಯುತ್ತೆ. ಹಾಗಂತ ಬಲೆ ದಂಡ ಅಲ್ಲ. ಅದು ಶತ್ರುವಿನ ಒಂದು ಆ್ಯಕ್ಷನ್ ತಿನ್ನುತ್ತೆ, ಆ ತನಕ ನಿಮ್ಮವರಿಗೆಲ್ಲ ಅವನ ಮೇಲೆ ಅಡ್ವಾಂಟೇಜ್ (ಎರಡು ದಾಳದಲ್ಲಿ ದೊಡ್ಡದು). ಹಿಡಿಯುವ ಸಾಧನ ಅಂತ ನೋಡ್ಬೇಡಿ, ಒಂದು ಟರ್ನ್ ಕದಿಯುವ ಸಾಧನ ಅಂತ ನೋಡಿ. ಶತ್ರುವಿನ ಟರ್ನ್ ಬರುವ ಮುಂಚೆ ನಿಮ್ಮ ಕಡೆ ಹೆಚ್ಚು ಜನ ಇರುವಾಗ ಎಸೀಬೇಕು. ಅವನ ಟರ್ನಿನ ಹಿಂದಿನ ಕ್ಷಣ ಎಸೆದ್ರೆ ಅಡ್ವಾಂಟೇಜ್ ಯಾರಿಗೂ ಸಿಗುದಿಲ್ಲ.

2024ರ ಹೊಸ ನಿಯಮದಲ್ಲಿ ರಿಪೇರಿ ಮಾಡಿದ್ದಾರೆ. ಬಲೆಯನ್ನ ಆಯುಧದ ಪಟ್ಟಿಯಿಂದ ತೆಗೆದು ಸಾಮಾನಿನ ಪಟ್ಟಿಗೆ ಹಾಕಿದ್ರು. 15 ಅಡಿ ಒಳಗಿನ ಒಬ್ಬ, ನಿಮ್ಮ ಹಲವು ದಾಳಿಗಳಲ್ಲಿ ಒಂದರ ಬದಲಿಗೆ, ಅವನೇ ಡೆಕ್ಸ್ (ಚುರುಕುತನ) ಸೇವ್, ಅಂದ್ರೆ ತಪ್ಪಿಸಿಕೊಳ್ಳುವ ದಾಳ, ಉರುಳಿಸ್ಬೇಕು, ಡಿಸಿ 8 + ನಿಮ್ಮ ಡೆಕ್ಸ್ + ಪ್ರೊಫಿಶಿಯೆನ್ಸಿ (ಪರಿಣತಿಯ ಅಂಕ). 2014 ಆಡುವವ್ರು ಇದೊಂದನ್ನು ಕಣ್ಣು ಮುಚ್ಚಿ ಎತ್ಕೊಳ್ಳಿ.

ಬಲೆ ಇಲ್ಲದಿದ್ರೆ ಗ್ರ್ಯಾಪಲ್ (ಹಿಡಿಯುದು) ಮತ್ತು ಶವ್ (ದಬ್ಬುದು). ಬರೀ ಗ್ರ್ಯಾಪಲ್ ಮಾಡಿದ್ರೆ ವೇಗ 0 ಅಷ್ಟೇ, ಅವ ಕತ್ತಿ ಬೀಸುವುದನ್ನು ನಿಲ್ಲಿಸುದಿಲ್ಲ. ಮೊದಲು ಹಿಡ್ದು, ಎರಡನೇ ದಾಳಿಯಲ್ಲಿ ನೆಲಕ್ಕೆ ಕೆಡವಿ. ಏಳ್ಲಿಕ್ಕೆ ಅರ್ಧ ವೇಗ ಬೇಕು, ಅವನ ವೇಗ 0, ಏಳ್ಲಿಕ್ಕೆ ಆಗುದಿಲ್ಲ. ಪಕ್ಕದವರಿಗೆಲ್ಲ ಅಡ್ವಾಂಟೇಜ್, ಅವನಿಗೆ ಡಿಸ್‌ಅಡ್ವಾಂಟೇಜ್. ಬಿಲ್ಲುಗಾರರಿಗೆ ಮಾತ್ರ ಮಲಗಿದವನ ಮೇಲೆ ಡಿಸ್‌ಅಡ್ವಾಂಟೇಜ್, ಅವ್ರಿಗೆ ಬೇರೆ ಗುರಿ ತೋರ್ಸಿ.

ನಕಾಶೆಗಾರ

ಸರಿ, −4 ಹೋಯ್ತು, ಎರಡನೇ ಕಾಲಂನೂ ಹೋಯ್ತು. ಆದರೆ ಬೆಲೆಯೇ ಇಲ್ಲದಿದ್ದರೆ ಪುಸ್ತಕದ ನಿಯಮಕ್ಕೇ ವಾಪಸ್ ಬಂದ ಹಾಗಲ್ವ? ಪಾತ್‌ಫೈಂಡರ್ 2ನೇ ಆವೃತ್ತಿಯಲ್ಲಿ ಕತ್ತಿಯಿಂದ ಕೊಲ್ಲದೆ ಹೊಡೆದರೆ ಹಿಟ್ ರೋಲ್‌ಗೆ −2, ಅದು ಹೇಗೆ?

ಇಪ್ಪತ್ತರದಾಳ

ಅಲ್ಲಿ −2 ಕಾಣೋದಕ್ಕಿಂತ ಭಾರ, ಯಾಕಂದರೆ ಎಸಿಗಿಂತ 10 ಜಾಸ್ತಿ ಬಂದರೆ ಕ್ರಿಟ್. 8ಕ್ಕೆ ತಾಗೋ ದಾಳಿ ತಗೊಳ್ಳಿ: ಮಾಮೂಲಿ ಹಿಟ್ 50%, ಕ್ರಿಟ್ 15%. ಕ್ರಿಟ್ ದುಪ್ಪಟ್ಟು, ಆದ್ದರಿಂದ ಒಟ್ಟು 0.80 ಏಟಿನ ಬೆಲೆ. −2 ಹಾಕಿದರೆ ಹಿಟ್ 50%, ಕ್ರಿಟ್ 5%, ಒಟ್ಟು 0.60. ನಾಲ್ಕನೇ ಒಂದು ಭಾಗ ಹೋಯ್ತು.

ಆ ಪುಸ್ತಕದಿಂದ ಕದಿಯೋದಾದರೆ −2 ಬಿಡಿ, ಬೇರೆ ಒಂದಿದೆ: ಅಲ್ಲಿ ಲೆಕ್ಕಕ್ಕೆ ಬರೋದು ಕೊನೇ ಏಟು ಮಾತ್ರ. ಹಿಟ್ ಪಾಯಿಂಟ್ ಕಾಲಂ ಒಂದೇ, 0ಗೆ ಇಳಿಸಿದ ಏಟು ಕೊಲ್ಲದ ಬಗೆಯದಾದರೆ ಪ್ರಜ್ಞೆ ತಪ್ಪುತ್ತೆ, ಇಲ್ಲದಿದ್ದರೆ ಇಲ್ಲ. ಮುಷ್ಟಿ, ಸ್ಯಾಪ್, ಚಾಟಿ ಹುಟ್ಟಿನಿಂದಲೇ ಆ ಬಗೆ, ಅವಕ್ಕೆ ಪೆನಾಲ್ಟಿ ಇಲ್ಲ. ಕತ್ತಿಗೆ −2. ಆದ್ದರಿಂದ ಗುಂಪು ಮೊದಲು ಕತ್ತಿಯಿಂದಲೇ ಬಡಿದು, ಶತ್ರು ಸುಸ್ತಾದ ಅಂತ ಅನ್ನಿಸಿದ ಮೇಲೆ ಆಯುಧ ಬದಲಿಸುತ್ತೆ. ಯಾವಾಗ ಬದಲಿಸಬೇಕು ಅನ್ನೋ ಊಹೆಯೇ ಆಟ. ಸ್ಯಾವೇಜ್ ವರ್ಲ್ಡ್ಸ್ ಆಟದಲ್ಲೂ ಹತ್ತಿರ ಹತ್ತಿರ ಹೀಗೇ: ಮೊಂಡು ಆಯುಧ ಇಲ್ಲವೇ ಮುಷ್ಟಿಗೆ ಪೆನಾಲ್ಟಿ ಇಲ್ಲ, ಕತ್ತಿಯ ಅಡ್ಡ ಮೈಯಿಂದ ಹೊಡೆದರೆ −1, ಬಿದ್ದವನು 1ಡಿ6 ಗಂಟೆ ಎಚ್ಚರ ಇಲ್ಲ.

ಮೇಜಿನಮೂಲೆ

ನೀವೆಲ್ಲ ಬೆಲೆಯನ್ನು ಹಿಟ್ ರೋಲ್ ಮೇಲೆ ಹಾಕ್ತಿದ್ದೀರಿ. ಅಲ್ಲೇ ಎಡವಟ್ಟು. ಹಿಟ್ ರೋಲ್ ಮೇಲಿನ ಪೆನಾಲ್ಟಿ ಆಟಗಾರನಿಗೆ "ಏನೂ ಆಗ್ಲಿಲ್ಲ" ಅನ್ನೋ ಟರ್ನ್ ಕೊಡುತ್ತೆ, ಮೇಜಿನ ಮೇಲೆ ಅದಕ್ಕಿಂತ ಬೇಜಾರಿನ ಫಲಿತಾಂಶ ಇಲ್ಲ. ಬೆಲೆಯನ್ನು ಬಿದ್ದ ಮೇಲೆ ಇಡಿ. ನನ್ನ ಸಲಹೆ, 5ನೇ ಆವೃತ್ತಿಗೆ:

ಒಂದೇ ಕಾಲಂ. 0ಗೆ ಇಳಿಸಿದವನು ಕೊಲ್ಲೋದಾ ಕೆಡವೋದಾ ಹೇಳ್ತಾನೆ. ಕೆಡವೋದು ಅಂದರೆ:

ಮೊಂಡು ಆಯುಧ, ಮುಷ್ಟಿ: ಸುಮ್ಮನೆ ಪ್ರಜ್ಞೆ ತಪ್ಪುತ್ತೆ, ಸ್ಟೇಬಲ್.

ಹರಿತ ಅಥವಾ ಮೊನೆಯ ಆಯುಧ: ಬಿದ್ದವನು ಕಾನ್‌ಸ್ಟಿಟ್ಯೂಷನ್ (ಕಾನ್, ಮೈಯ ತಾಳಿಕೆ) ಸೇವ್ ಉರುಳಿಸ್ತಾನೆ. ಡಿಸಿ 10 ಇಲ್ಲವೇ ಆ ಏಟಿನ ಡ್ಯಾಮೇಜಿನ ಅರ್ಧ, ಯಾವುದು ದೊಡ್ಡದೋ ಅದು. ಕಾನ್ಸಂಟ್ರೇಷನ್‌ಗೆ (ಏಟು ಬಿದ್ದರೂ ಮಂತ್ರ ಹಿಡಿದಿಡೋಕೆ) ಉರುಳಿಸೋ ಅದೇ ಸಂಖ್ಯೆ, ಯಾರೂ ಹೊಸದಾಗಿ ಕಲೀಬೇಕಿಲ್ಲ. ಗೆದ್ದರೆ ಸ್ಟೇಬಲ್. ಸೋತರೆ ಪಾತ್ರಧಾರಿಗಳ ಹಾಗೆ ಡೆತ್ ಸೇವ್ (ಟರ್ನಿಗೊಂದು ಬದುಕು-ಸಾವಿನ ದಾಳ, ಮೂರು ಸೋತರೆ ಸಾವು) ಶುರು.

ಕ್ರಿಟ್ ಆಗಿದ್ದರೆ ಮೊಂಡು ಆಯುಧಕ್ಕೂ ಸೇವ್.

ಮೊಂಡು ಬಾಣ: ಡ್ಯಾಮೇಜ್ ಡೈ ಒಂದು ಮೆಟ್ಟಿಲು ಕೆಳಗೆ, 1ಡಿ8 ಇದ್ದದ್ದು 1ಡಿ6. ಹತ್ತಿರದ ರೇಂಜ್ ಅರ್ಧ, ದೂರದ ರೇಂಜ್ ಇಲ್ಲ.

ಮಂತ್ರ: ಹಿಟ್ ರೋಲ್ ಇರೋ ಮಂತ್ರಕ್ಕೆ ಮಾತ್ರ. ಡ್ಯಾಮೇಜಿನ ಬಗೆಯಲ್ಲಿ ಫೋರ್ಸ್, ಥಂಡರ್ ಮೊಂಡು. ಕೋಲ್ಡ್, ಲೈಟ್ನಿಂಗ್ ಹರಿತ. ಬೆಂಕಿ, ಆ್ಯಸಿಡ್, ನೆಕ್ರಾಟಿಕ್‌ಗೆ ಕೆಡವೋ ಆಯ್ಕೆಯೇ ಇಲ್ಲ.

ಬೆಲೆ ಎಷ್ಟಾಯ್ತು ನೋಡಿ. ಬ್ಯಾಂಡಿಟ್‌ಗೆ ಕಾನ್ +1, ಡಿಸಿ 10. 9 ಅಥವಾ ಮೇಲೆ ಬೇಕು, 60% ಗೆಲ್ತಾನೆ. ಉಳಿದ 40% ಸಲ ನಿಮ್ಮ ಸಾಕ್ಷಿ ನೆಲದ ಮೇಲೆ ಸಾಯ್ತಾ ಇರ್ತಾನೆ, ಕಾಳಗ ಇನ್ನೂ ನಡೀತಿರುತ್ತೆ. ಯಾರಾದರೂ ಒಂದು ಆ್ಯಕ್ಷನ್ ಬಿಟ್ಟು ಮೆಡಿಸಿನ್ ಡಿಸಿ 10 ಉರುಳಿಸಬೇಕು, ಅಥವಾ ಹೀಲರ್ಸ್ ಕಿಟ್‌ನ ಹತ್ತು ಬಳಕೆಗಳಲ್ಲಿ ಒಂದು ಖರ್ಚು ಮಾಡಬೇಕು. ಬೆಲೆ ಅಂದರೆ ಅದು.

ಕ್ರೋಮ್‌ಕೈ

ಸ್ಪೇರ್ ದ ಡೈಯಿಂಗ್ (ಸಾಯ್ತಿರೋನನ್ನ ಸ್ಟೇಬಲ್ ಮಾಡೋ ಮಂತ್ರ) ಇರೋ ಕ್ಲೆರಿಕ್ ಒಬ್ಬ ಇದ್ದರೆ ನಿಮ್ಮ ಬೆಲೆ ಸೊನ್ನೆ ಆಯ್ತಲ್ಲ ಗುರು?

ಮೇಜಿನಮೂಲೆ

ಅದಕ್ಕೂ ಒಂದು ಆ್ಯಕ್ಷನ್ ಬೇಕು, ಕ್ಲೆರಿಕ್ ಅಲ್ಲಿ ತನಕ ನಡೆದು ಹೋಗಿ ಮುಟ್ಟಬೇಕು. ಯಾರೂ ತಗೊಳ್ಳದ ಆ ಕ್ಯಾಂಟ್ರಿಪ್‌ಗೆ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ) ಕೊನೆಗೂ ಒಂದು ಕೆಲಸ ಸಿಕ್ಕಿತು ಅಂದ್ಕೊಳ್ಳಿ.

ಹಳೇಪುಸ್ತಕ

ಈ ನಿಯಮದಲ್ಲಿ ಕಳ್ಳನಿಗೆ ಅನ್ಯಾಯವಾಗಿದೆ. ಹಿಂದಿನಿಂದ ಬಂದು ತಲೆಗೆ ಕುಟ್ಟಿ ಕೆಡವುವುದು ಅವನ ಕುಲಕಸುಬು. ಆದರೆ 5ನೇ ಆವೃತ್ತಿಯ ಸ್ನೀಕ್ ಅಟ್ಯಾಕ್‌ಗೆ (ಕಳ್ಳನ ಹೆಚ್ಚುವರಿ ಡ್ಯಾಮೇಜ್) ಫಿನೆಸ್ (ಬಲದ ಬದಲು ಚುರುಕುತನದಿಂದ ಬೀಸಬಲ್ಲ ಗುಣ) ಇರುವ ಆಯುಧ ಅಥವಾ ರೇಂಜ್ ಆಯುಧ ಬೇಕು. 2014ರ ಪಟ್ಟಿಯಲ್ಲಿ ಫಿನೆಸ್ ಇರುವ ಒಂದೇ ಒಂದು ಮೊಂಡು ಆಯುಧವಿಲ್ಲ. ದೊಣ್ಣೆಗೆ ಫಿನೆಸ್ ಇಲ್ಲ. ಸ್ಯಾಪ್ ಪಟ್ಟಿಯಲ್ಲೇ ಇಲ್ಲ. ಚಾಟಿ ಫಿನೆಸ್, ಆದರೆ ಸ್ಲ್ಯಾಶಿಂಗ್. ಹಾಗಾಗಿ ಮೆಲೀ ಸ್ನೀಕ್ ಅಟ್ಯಾಕ್‌ನಲ್ಲಿ ಕಳ್ಳ ಯಾವಾಗಲೂ ಸೇವ್ ಉರುಳಿಸುವ ಕಡೆಗೇ ಬೀಳುತ್ತಾನೆ, ಅದೂ ಹೆಚ್ಚಿನ ಡ್ಯಾಮೇಜಿನಿಂದ. 11ನೇ ಹಂತದಲ್ಲಿ 6ಡಿ6 ಸ್ನೀಕ್, ಶಾರ್ಟ್‌ಸ್ವೋರ್ಡ್ 1ಡಿ6, ಡೆಕ್ಸ್ +4, ಸರಾಸರಿ 28.5; ಡಿಸಿ 14.

ಸ್ಯಾಪನ್ನು ಮರಳಿ ತನ್ನಿ: 1ಡಿ4 ಬ್ಲಡ್ಜನಿಂಗ್ (ಮೊಂಡು), ಲೈಟ್ (ಹಗುರ), ಫಿನೆಸ್. ಡೈ ಚಿಕ್ಕದು, ಆದ್ದರಿಂದ ಶಾರ್ಟ್‌ಸ್ವೋರ್ಡಿಗೆ ಬದಲಿಯಾಗುವುದಿಲ್ಲ.

ಬಲೆಬೀಸು

ಸ್ಯಾಪ್ ಬಂದ್ರೆ ಆಯ್ತು, ಆದ್ರೆ ಮೊಂಡು ಬಾಣದ ತೂತು ನೋಡಿದ್ರಾ? ಶಾರ್ಟ್‌ಬೋ ರೇಂಜ್ ಆಯುಧ, ಸ್ನೀಕ್ ಅಟ್ಯಾಕ್ ಸಿಗುತ್ತೆ, ಬಾಣ ಮೊಂಡು, ಸೇವ್ ಇಲ್ಲ. 40 ಅಡಿ ದೂರದಿಂದ 7 ಡೈಸ್ ಡ್ಯಾಮೇಜ್ ಹಾಕಿ ಕೂದಲೂ ಕೊಂಕದಂತೆ ಮಲಗಿಸಬಹುದು! ಸ್ಟಿಕ್-ಅಂಡ್-ಶಾಕ್ ವಾಪಸ್ ಬಂತು.

ಮೇಜಿನಮೂಲೆ

ಹೌದು, ಅದು ತೂತೇ. ಮುಚ್ಚೋಕೆ ಕಾಲ್ ಆಫ್ ಕ್ತುಲ್ಹು ಆಟದ 7ನೇ ಆವೃತ್ತಿಯ ದೊಡ್ಡ ಗಾಯದ ನಿಯಮ ಎತ್ಕೊಳ್ಳೋಣ. ಅಲ್ಲಿ ಒಂದೇ ಏಟಿನಲ್ಲಿ ಗರಿಷ್ಠ ಹಿಟ್ ಪಾಯಿಂಟಿನ ಅರ್ಧ ಅಥವಾ ಹೆಚ್ಚು ಹೋದರೆ ದೊಡ್ಡ ಗಾಯ. ದೊಡ್ಡ ಗಾಯ ಇಲ್ಲದೆ ಚಿಕ್ಕ ಚಿಕ್ಕ ಏಟಿನಿಂದಲೇ 0ಗೆ ಇಳಿದವನು ಪ್ರಜ್ಞೆ ತಪ್ತಾನೆ, ಸಾಯಲ್ಲ. ದೊಡ್ಡ ಗಾಯ ಆಗಿದ್ದವನು 0ಗೆ ಬಂದರೆ ಸಾಯೋ ಹಾದಿ ಹಿಡೀತಾನೆ. ಬಡಿದಾಟದಲ್ಲಿ ಯಾರೂ ಸುಮ್ಮಸುಮ್ಮನೆ ಸಾಯಲ್ಲ, ಬಂದೂಕು ಹೊರಬಂದ ತಕ್ಷಣ ಸಾಯ್ತಾರೆ. ಕೊಲ್ಲದ ಆಯುಧ ಅಂತ ಬೇರೆ ಪಟ್ಟಿಯೇ ಬೇಕಿಲ್ಲ ಅಲ್ಲಿ. ನನಗಂತೂ ಈ ಚರ್ಚೆಯಲ್ಲಿ ಬಂದ ಎಲ್ಲ ಪದ್ಧತಿಗಿಂತ ಇದೇ ಇಷ್ಟ.

ಹಾಗಾಗಿ ಕ್ರಿಟ್ ಸಾಲಿಗೆ ಸೇರಿಸಿ: ಒಂದೇ ಏಟಿನ ಡ್ಯಾಮೇಜ್ ಬಿದ್ದವನ ಗರಿಷ್ಠ ಹಿಟ್ ಪಾಯಿಂಟಿನ ಅರ್ಧ ಮುಟ್ಟಿದರೆ ಮೊಂಡು ಆಯುಧಕ್ಕೂ ಸೇವ್. 4 ಹಿಟ್ ಪಾಯಿಂಟಿನ ಸಾಮಾನ್ಯ ಮನುಷ್ಯನಿಗೆ ದೊಣ್ಣೆಯಲ್ಲಿ 2 ಹೊಡೆದರೂ ಅಪಾಯ ಈಗ. ಕಾವಲುಗಾರರಿಗೆ ಅದು ಗೊತ್ತಿರಬೇಕು: ಗೂಂಡಾನಿಗಿಂತ ಮುದುಕನನ್ನ ಹೊಡೆಯೋದು ಅಪಾಯ.

ಗಡಿಯಾರದಮುಳ್ಳು

ನಿಜ ಜೀವನದಿಂದ ಎರಡು ಮಾತು, ಸಮಯದ ಲೆಕ್ಕಕ್ಕೆ ಉಪಯೋಗ ಆಗಬಹುದು.

ತಲೆಗೆ ಏಟು ಬಿದ್ದು ಪ್ರಜ್ಞೆ ಹೋದರೆ ಸಾಮಾನ್ಯವಾಗಿ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಗಂಟೆಗಟ್ಟಲೆ ಎಚ್ಚರ ಆಗದಿದ್ದರೆ ಅದು ಮಿದುಳಿನ ಗಂಭೀರ ಗಾಯ, ಒಳಗೆ ರಕ್ತಸ್ರಾವ ಇರಬಹುದು. ಕುತ್ತಿಗೆಯ ರಕ್ತನಾಳ ಒತ್ತಿದರೆ 5ರಿಂದ 15 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ, ಬಿಟ್ಟರೆ ಅಷ್ಟೇ ಬೇಗ ವಾಪಸ್ ಬರುತ್ತೆ, ಬಿಡದಿದ್ದರೆ ಸಾವು. ಕ್ಲೋರೋಫಾರ್ಮ್ ಬಟ್ಟೆ ಮೂಗಿಗೆ ಹಿಡಿದ ಕೂಡಲೇ ಬೀಳೋದು ಸಿನಿಮಾದಲ್ಲಿ ಮಾತ್ರ, ನಿಜದಲ್ಲಿ ಸುಮಾರು 5 ನಿಮಿಷ ಉಸಿರಾಡಿಸಬೇಕು. ಟೇಸರ್‌ನ (ಕರೆಂಟ್ ಮುಳ್ಳು ಹಾರಿಸೋ ಪಿಸ್ತೂಲು) ಒಂದು ಸುತ್ತು 5 ಸೆಕೆಂಡು. ಎರಡು ಮುಳ್ಳೂ ಮೈಗೆ ತಾಗಬೇಕು, ನಡುವೆ ಸಾಕಷ್ಟು ಅಂತರ ಇರಬೇಕು. ದಪ್ಪ ಕೋಟು ಇದ್ದರೆ ಕೈಕೊಡುತ್ತೆ. ಪೊಲೀಸರೇ ಈಗ ಇವನ್ನೆಲ್ಲ "ಕೊಲ್ಲದ" ಅನ್ನಲ್ಲ, "ಕೊಲ್ಲುವ ಸಾಧ್ಯತೆ ಕಡಿಮೆ" ಅಂತಾರೆ. ರಬ್ಬರ್ ಗುಂಡಿನಿಂದ ಸತ್ತವರಿದ್ದಾರೆ.

5ನೇ ಆವೃತ್ತಿಯ ರೌಂಡ್ 6 ಸೆಕೆಂಡು. ಟೇಸರ್ ಅಂದರೆ ಒಂದು ರೌಂಡ್ ಸ್ಟನ್, ಕುತ್ತಿಗೆ ಹಿಡಿತ ಅಂದರೆ ಎರಡು ಮೂರು ರೌಂಡ್ ಗ್ರ್ಯಾಪಲ್ ಬಿಡದೆ ಉಳಿಸಿಕೊಳ್ಳೋದು. ನಿಮ್ಮ 1ಡಿ4 ಗಂಟೆ ಮಾತ್ರ ಯಾವ ಲೆಕ್ಕಕ್ಕೂ ಕೂರಲ್ಲ. 2024ರ ನಿಯಮ ಸ್ವಲ್ಪ ವಾಸಿ: ಮೆಲೀ ಏಟಿನಿಂದ ಕೆಡವಿದವನು 0ಗೆ ಬದಲು 1 ಹಿಟ್ ಪಾಯಿಂಟ್‌ನಲ್ಲಿ ಬೀಳ್ತಾನೆ, ಶಾರ್ಟ್ ರೆಸ್ಟ್ (ಒಂದು ಗಂಟೆ ವಿಶ್ರಾಂತಿ) ಮುಗಿಯೋ ತನಕ ಪ್ರಜ್ಞೆ ಇಲ್ಲ, ಮಧ್ಯೆ ಹಿಟ್ ಪಾಯಿಂಟ್ ಸಿಕ್ಕರೆ ಇಲ್ಲವೇ ಯಾರಾದರೂ ಒಂದು ಆ್ಯಕ್ಷನ್‌ನಲ್ಲಿ ಮೆಡಿಸಿನ್ ಡಿಸಿ 10 ಗೆದ್ದರೆ ಎದ್ದುಬಿಡ್ತಾನೆ. ಅಂದರೆ ಅವನ ಸಂಗಾತಿಗಳೂ ಎಬ್ಬಿಸಬಹುದು. ಕೆಡವಿದವನನ್ನ ಕಾಯೋ ಕೆಲಸ ಶುರುವಾಗುತ್ತೆ, ಕಾವಲುಪಡೆ ಕ್ಯಾಂಪೇನ್‌ಗೆ ಹೇಳಿ ಮಾಡಿಸಿದ್ದು.

ನಕಾಶೆಗಾರ

ಆ ಸಾಲು ಎತ್ಕೊಂಡೆ. ಒಂದು ಗುಂಪು ಹೇಗೆ ಆಡುತ್ತೆ ಅಂತ ಯಾರಾದರೂ ಒಂದು ಕಾಳಗ ನಡೆಸಿ ತೋರಿಸ್ತೀರಾ? ಥಗ್ (ಗೂಂಡಾ) ಒಬ್ಬ, 32 ಹಿಟ್ ಪಾಯಿಂಟ್, ಎಸಿ 11, ಕಾನ್ +2. ಅವನೇ ಸಾಕ್ಷಿ.

ಇಪ್ಪತ್ತರದಾಳ

ದಾಳ ಉರುಳಿಸಿಯೇ ಬರೀತಿದ್ದೀನಿ. ಸರದಿ: ಯೋಧ, ಮಂತ್ರವಾದಿ, ಬಿಲ್ಲುಗಾರ, ಥಗ್, ಕ್ಲೆರಿಕ್.

ಮೊದಲ ರೌಂಡ್. ಯೋಧ ಕತ್ತಿಯಿಂದ 9, ಉಳಿದದ್ದು 23. ಮಂತ್ರವಾದಿ ಕಾಯ್ತಾನೆ, ಕಾರಣ ಕೆಳಗಿದೆ. ಬಿಲ್ಲುಗಾರ ಮೊಂಡು ಬಾಣ 7, ಉಳಿದದ್ದು 16. ಥಗ್ ಯೋಧನಿಗೆ ಗದೆಯಿಂದ ಎರಡು ಏಟು. ಕ್ಲೆರಿಕ್ ಯೋಧನ ಗಾಯ ನೋಡ್ತಾನೆ.

ಎರಡನೇ ರೌಂಡ್. ಯೋಧನ ಏಟು ತಪ್ಪಿತು. ಮಂತ್ರವಾದಿ ಸ್ಲೀಪ್ (ನಿದ್ದೆ ಮಂತ್ರ) ಹಾಕಿದ, 5ಡಿ8 ಉರುಳಿಸಿದರೆ 14. ಥಗ್ ಹತ್ತಿರ 16 ಇದೆ, ಏನೂ ಆಗಲಿಲ್ಲ. 2014ರ ಸ್ಲೀಪ್‌ಗೆ ಸೇವ್ ಇಲ್ಲ, ಅದು ಸದ್ಯದ ಹಿಟ್ ಪಾಯಿಂಟ್ ಅಳೆಯುತ್ತೆ, ಸರಾಸರಿ 22.5. ಅದಕ್ಕೇ ಮೊದಲ ರೌಂಡ್ ಕಾದಿದ್ದು. ಯೋಧನ ಏಟು ತಾಗಿದ್ದರೆ ಇಲ್ಲೇ ಮುಗೀತಿತ್ತು. ಬಿಲ್ಲುಗಾರ 20 ಉರುಳಿಸಿದ: ಕ್ರಿಟ್, 2ಡಿ6+3, ಬಂದದ್ದು 13. ಉಳಿದದ್ದು 3.

ಮೂರನೇ ರೌಂಡ್. ಯೋಧನಿಗೆ ಈಗ ತಲೆನೋವು. ಅವನ ಕತ್ತಿ ತಾಗಿದರೆ ಥಗ್ ಖಂಡಿತ ಬೀಳ್ತಾನೆ, ಆದರೆ ಹರಿತದ ಏಟು, ಸೇವ್ ಬರುತ್ತೆ. ಮುಷ್ಟಿಯಿಂದ ಗುದ್ದಿದರೆ 1 + ಸ್ಟ್ರೆಂತ್ 3, ಒಟ್ಟು 4. ಅವನಿಗೆ 3 ಅಂತ ಗೊತ್ತಿಲ್ಲ, ಡಿಎಂ "ತೂರಾಡ್ತಿದ್ದಾನೆ" ಅಂದಿದ್ದಾನೆ ಅಷ್ಟೇ. ಕತ್ತಿಯನ್ನೇ ಬೀಸಿದ: 8. ಡಿಸಿ 10. ಥಗ್ ಉರುಳಿಸಿದ್ದು 6, +2 ಸೇರಿ 8. ಸೋತ. ಈಗ ಡೆತ್ ಸೇವ್.

ಥಗ್ ಟರ್ನ್: ಡೆತ್ ಸೇವ್‌ಗೆ 1 ಬಿತ್ತು. 1 ಅಂದರೆ ಎರಡು ಸೋಲು. ಇನ್ನೊಂದು ಸೋತರೆ ಸಾಕ್ಷಿ ಇಲ್ಲ, ಕೂಲಿಯೂ ಇಲ್ಲ. ಕ್ಲೆರಿಕ್ ಓಡಿ ಬಂದು ಮುಟ್ಟಿ ಸ್ಪೇರ್ ದ ಡೈಯಿಂಗ್. ಉಳಿದ.

ಮುಷ್ಟಿ ಗುದ್ದಿದ್ದರೆ ಇದೇನೂ ಇರ್ತಿರಲಿಲ್ಲ. ಆದರೆ 5 ಉಳಿದಿದ್ದರೆ ಮುಷ್ಟಿ ಸಾಲ್ತಿರಲಿಲ್ಲ.

ಕ್ರೋಮ್‌ಕೈ

ಆ ಮೂರನೇ ರೌಂಡಿನ ತಲೆನೋವಿಗಾಗಿಯೇ ನಾನು ಮೇಜಿನಮೂಲೆ ಕಡೆಗೆ ವೋಟ್ ಹಾಕ್ತೀನಿ.

ಹಳೇಪುಸ್ತಕ

ಒಂದು ಮರೆತಿದ್ದೀರಿ: ಶರಣಾಗತಿ. 1981ರ ಡಿ ಅಂಡ್ ಡಿ ಬೇಸಿಕ್ ನಿಯಮಗಳಲ್ಲಿ ಪ್ರತಿ ಜೀವಿಗೂ 2ರಿಂದ 12ರ ತನಕ ಮೊರೇಲ್ (ಎದೆಗಾರಿಕೆ) ಅಂಕವಿತ್ತು. ಮೊದಲ ಸಾವಿನಲ್ಲಿ ಒಮ್ಮೆ, ಗುಂಪಿನ ಅರ್ಧ ಜನ ಬಿದ್ದಾಗ ಇನ್ನೊಮ್ಮೆ 2ಡಿ6 ಉರುಳಿಸಬೇಕು. ಅಂಕ ದಾಟಿದರೆ ಓಡುತ್ತಾರೆ ಅಥವಾ ಶರಣಾಗುತ್ತಾರೆ. ಮೊರೇಲ್ 7 ಇದ್ದವರು 8 ಅಥವಾ ಮೇಲೆ ಬಿದ್ದರೆ ಕೈ ಎತ್ತುತ್ತಾರೆ, ಅದು 36ರಲ್ಲಿ 15 ಸಲ. ಎರಡು ಪರೀಕ್ಷೆಗಳಲ್ಲಿ ಒಂದಾದರೂ ಸೋಲುವುದು ಮೂರರಲ್ಲಿ ಎರಡು ಸಲ. 5ನೇ ಆವೃತ್ತಿಯಲ್ಲೂ ಐಚ್ಛಿಕ ನಿಯಮವಿದೆ, ವಿಸ್‌ಡಮ್ ಸೇವ್ ಡಿಸಿ 10. ಶತ್ರುಗಳೆಲ್ಲ ಕೊನೆಯುಸಿರಿನ ತನಕ ಕಾದಾಡುವುದಾದರೆ ಕೊಲ್ಲದ ಆಯುಧಕ್ಕೆ ಎಷ್ಟು ನಿಯಮ ಬರೆದರೂ ಸಾಲದು.

ಶರಣಾದವನು ಮತ್ತೆ ಕತ್ತಿ ಎತ್ತದಂತೆ ಡಿಎಂ ಸಂಯಮ ಇಟ್ಟುಕೊಳ್ಳಬೇಕು. ಒಮ್ಮೆ ಮೋಸ ಮಾಡಿಸಿದರೆ ಆಟಗಾರರು ಮುಂದೆ ಯಾರನ್ನೂ ಸೆರೆ ಹಿಡಿಯುವುದಿಲ್ಲ.

ಬಲೆಬೀಸು

ಅಸ್ಥಿಪಂಜರ, ಕಲ್ಲಿನ ಗೊಂಬೆ, ಲೋಳೆ ಇವಕ್ಕೆಲ್ಲ ಕೆಡವುವ ಆಯ್ಕೆ ಇಲ್ಲ ಅಂತ ಒಂದು ಸಾಲು ಹಾಕಿ. ಪ್ರಜ್ಞೆ ಇದ್ದರೆ ತಾನೇ ತಪ್ಪುವುದು.

ನಕಾಶೆಗಾರ

ಹಾಕಿದೆ. ಕೊನೇ ಪ್ರಶ್ನೆ: ಬಿದ್ದವನನ್ನ ಕಟ್ಟೋಕೆ ಎಷ್ಟು ಹೊತ್ತು? 2014ರಲ್ಲಿ ಹಗ್ಗಕ್ಕೆ 2 ಹಿಟ್ ಪಾಯಿಂಟ್, ಹರಿಯೋಕೆ ಸ್ಟ್ರೆಂತ್ ಡಿಸಿ 17 ಅಂತ ಇದೆ.

ಗಡಿಯಾರದಮುಳ್ಳು

ಕಾಳಗದ ಮಧ್ಯೆ ಕೈ ಕಟ್ಟೋಕೆ ಒಂದು ಆ್ಯಕ್ಷನ್, ಕಾಲಿಗೆ ಇನ್ನೊಂದು. ಬಿದ್ದವನಿಗೆ ಪ್ರಜ್ಞೆ ಇಲ್ಲದಿದ್ದರೆ ರೋಲ್ ಬೇಡ.

ಎಚ್ಚರ ಆದ ಮೇಲಿನದ್ದು ಮುಖ್ಯ. ಥಗ್‌ಗೆ ಸ್ಟ್ರೆಂತ್ +2, ಹಗ್ಗ ಹರಿಯೋಕೆ 15 ಬೇಕು, 30%. ಪ್ರತಿ ರೌಂಡ್ ಪ್ರಯತ್ನ ಕೊಟ್ಟರೆ ಅರ್ಧ ನಿಮಿಷದಲ್ಲಿ, ಅಂದರೆ ಐದು ಪ್ರಯತ್ನದಲ್ಲಿ, ಬಿಡಿಸಿಕೊಂಡಿರೋ ಸಾಧ್ಯತೆ 83%. ಗಂಟೆಗೆ ಒಂದೇ ಪ್ರಯತ್ನ ಅಂತ ಮಾಡಿ, ಯಾರಾದರೂ ನೋಡ್ತಾ ಕೂತಿದ್ದರೆ ಅದೂ ಇಲ್ಲ. ಕೋಳಕ್ಕೆ 15 ಹಿಟ್ ಪಾಯಿಂಟ್, ನುಸುಳೋಕೆ ಡೆಕ್ಸ್ ಡಿಸಿ 20, ಮುರಿಯೋಕೆ ಸ್ಟ್ರೆಂತ್ ಡಿಸಿ 20. ಥಗ್ ಮುರಿಯೋದು 15% ಮಾತ್ರ. ಕಾವಲುಪಡೆ ಅಂದ ಮೇಲೆ ತಲೆಗೊಂದು ಕೋಳ ಇರಲಿ. ಚಾವಿ ಯಾರ ಹತ್ತಿರ ಇದೆ ಅಂತ ಮಾತ್ರ ಆಟ ಶುರುವಾಗೋ ಮುಂಚೆಯೇ ಅವರ ಶೀಟಿನಲ್ಲಿ ಬರೆಸಿ. ಕಳ್ಳ ಅದನ್ನ ಎಗರಿಸೋಕೆ ಬಂದಾಗ ಐದು ಜನ ಐದು ಹೆಸರು ಹೇಳ್ತಾರೆ.